ಚುಕ್ಕಿಯೋ, ಕಾಮಾವೋ? ಗ್ರಾಫ್ ಕೆಡಿಸುವ ದಶಮಾಂಶ ದೋಷವನ್ನು ಪತ್ತೆ ಹಚ್ಚುವ ಬಗೆ

ಮೈಸೂರಿನ ಪ್ರಯೋಗಾಲಯಗಳಲ್ಲಿ ಸಂಶೋಧನೆ ಮಾಡುವವರು, ಮಂಡ್ಯದ ಕೃಷಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಕೇಳುತ್ತಲೇ ಇರುತ್ತಾರೆ. ಉಪಕರಣದ ಪರದೆಯಲ್ಲಿ 0.482 ಇದ್ದದ್ದು ಗ್ರಾಫ್‌ನಲ್ಲಿ 482 ಏಕಾಯಿತು? ನುಣುಪಾಗಿ ಏರಬೇಕಾದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏಕೆ ಬರುತ್ತಿದೆ? ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ತೆರೆಯುವ ಫೈಲ್ ನನ್ನಲ್ಲಿ ಖಾಲಿ ಏಕೆ ಕಾಣುತ್ತದೆ? ಮೂರಕ್ಕೂ ಬಹುತೇಕ ಒಂದೇ ಕಾರಣ. ಫೈಲ್ ಬರೆದ ಯಂತ್ರ ದಶಮಾಂಶಕ್ಕೆ ಒಂದು ಚಿಹ್ನೆ ಬಳಸಿದೆ, ಓದುವ ತಂತ್ರಾಂಶ ಇನ್ನೊಂದನ್ನು ನಿರೀಕ್ಷಿಸಿದೆ.

ಭಾರತದಲ್ಲಿ ದಶಮಾಂಶಕ್ಕೆ ಚುಕ್ಕಿಯೇ ರೂಢಿ. ಹಾಗಾಗಿ ಇದು ನಮ್ಮ ತಲೆನೋವಲ್ಲ ಎಂದು ಹಲವರು ಭಾವಿಸುತ್ತಾರೆ. ಆದರೆ ಜರ್ಮನಿ, ಫ್ರಾನ್ಸ್, ಇಟಲಿಗಳಲ್ಲಿ ಮೂರು ಪಾಯಿಂಟ್ ಒಂದು ನಾಲ್ಕನ್ನು 3,14 ಎಂದು ಬರೆಯುತ್ತಾರೆ. ಅಲ್ಲಿಂದ ಬಂದ ಉಪಕರಣದ ಜೊತೆಗಿರುವ ಕಂಪ್ಯೂಟರ್, ಅಲ್ಲಿನ ಸಹಸಂಶೋಧಕರು ಕಳಿಸಿದ ಫೈಲ್, ಅಲ್ಲಿ ಓದಿ ಬಂದವರ ಲ್ಯಾಪ್‌ಟಾಪ್, ಎಲ್ಲದರ ಜೊತೆಗೂ ಆ ರೂಢಿ ನಮ್ಮ ಮೇಜಿಗೆ ಬರುತ್ತದೆ. ಇದರಲ್ಲಿ ಯಾರದೂ ತಪ್ಪಿಲ್ಲ. ತೂಕ ಮತ್ತು ಅಳತೆಗಳ ಸಾಮಾನ್ಯ ಸಮ್ಮೇಳನವು 2003ರಲ್ಲಿ ಚುಕ್ಕಿ, ಕಾಮಾ ಎರಡನ್ನೂ ದಶಮಾಂಶ ಚಿಹ್ನೆಯಾಗಿ ಒಪ್ಪಿಕೊಂಡಿದೆ. ಅಂಕಿಗಳನ್ನು ಮೂರು ಮೂರಾಗಿ ಗುಂಪು ಮಾಡುವಾಗ ನಡುವೆ ಚುಕ್ಕಿಯನ್ನೂ ಕಾಮಾವನ್ನೂ ಹಾಕದೆ ಬರೀ ಖಾಲಿ ಜಾಗ ಬಿಡಿ ಎಂದೂ ಹೇಳಿದೆ. ಆ ಎರಡನೆಯ ಮಾತನ್ನು ಯಾರೂ ಕೇಳಿಸಿಕೊಂಡಂತಿಲ್ಲ. 1,00,000 ಎಂದು ಬರೆಯುವ ನಾವಂತೂ ಕೇಳಿಸಿಕೊಂಡಿಲ್ಲ.

ಕೆಲಸಕ್ಕೆ ಇಳಿಯುವ ಮುನ್ನ ಎರಡು ಪದಗಳು. ಲೊಕೇಲ್ ಎಂದರೆ ಕಂಪ್ಯೂಟರ್ ಯಾವ ಪ್ರದೇಶದ ರೂಢಿಯಂತೆ ದಿನಾಂಕ, ಹಣ, ಸಂಖ್ಯೆಗಳನ್ನು ಬರೆಯಬೇಕು ಎಂಬ ಸಂಯೋಜನೆ. ಸಿಎಸ್‌ವಿ ಎಂದರೆ ಕಾಲಂಗಳ ನಡುವೆ ಕಾಮಾ ಇಟ್ಟು ಬರೆದ ಸಾದಾ ಪಠ್ಯದ ಫೈಲ್. ಕಾಮಾವನ್ನು ದಶಮಾಂಶಕ್ಕೆ ಬಳಸುವ ದೇಶಗಳಲ್ಲಿ ಇದೇ ಹೆಸರಿನ ಫೈಲ್‌ನಲ್ಲಿ ಕಾಲಂಗಳ ನಡುವೆ ಸೆಮಿಕೋಲನ್ ಇರುತ್ತದೆ. ಕೆಳಗೆ ಆದೇಶ ಮತ್ತು ಆಯ್ಕೆಗಳ ಹೆಸರನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಬೇಕಾದದ್ದು ಇಷ್ಟೇ: ತೊಂದರೆ ಕೊಡುತ್ತಿರುವ ಫೈಲ್‌ನ ಮೂಲ ಪ್ರತಿ, ನೋಟ್‌ಪ್ಯಾಡ್‌ನಂತಹ ಒಂದು ಸಾದಾ ಪಠ್ಯ ಸಂಪಾದಕ, ಮತ್ತು ಸೆಟ್ಟಿಂಗ್‌ಗಳನ್ನು ಕಂಡಕಂಡಲ್ಲಿ ಬದಲಿಸದೆ ಕೊಂಚ ಹೊತ್ತು ಕೈ ಕಟ್ಟಿ ಕೂರುವ ಸಂಯಮ.

1. ಫೈಲ್ ಅನ್ನು ಇದ್ದ ಹಾಗೆ ನೋಡಿ

ಮೊದಲು ಮೂಲ ಫೈಲ್‌ನ ಪ್ರತಿ ತೆಗೆದು ಬೇರೆ ಫೋಲ್ಡರ್‌ನಲ್ಲಿ ಇಡಿ. ನಂತರ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಎಕ್ಸೆಲ್‌ನಲ್ಲಿ ಬೇಡ. ಎಕ್ಸೆಲ್ ನಿಮಗೆ ಫೈಲ್‌ನಲ್ಲಿ ಏನಿದೆ ಎಂದು ತೋರಿಸುವುದಿಲ್ಲ, ತಾನು ಏನೆಂದು ಅರ್ಥ ಮಾಡಿಕೊಂಡೆ ಎಂಬುದನ್ನು ತೋರಿಸುತ್ತದೆ. ಜರ್ಮನ್ ಸಂಯೋಜನೆಯ ಎಕ್ಸೆಲ್‌ಗೆ 1.5 ಕೊಟ್ಟರೆ ಅದು ಮೇ ತಿಂಗಳ ಒಂದನೇ ತಾರೀಕು ಎಂದುಕೊಳ್ಳುತ್ತದೆ. ನಮ್ಮ ಸಂಯೋಜನೆಯ ಎಕ್ಸೆಲ್‌ಗೆ 1,234 ಕೊಟ್ಟರೆ ಸಾವಿರದ ಇನ್ನೂರ ಮೂವತ್ತನಾಲ್ಕು ಎಂದುಕೊಳ್ಳುತ್ತದೆ. ಹಾಗೆ ತೆರೆದು ಒಮ್ಮೆ ಉಳಿಸಿಬಿಟ್ಟರೆ ತಪ್ಪು ಫೈಲ್‌ನೊಳಗೇ ಕೂರುತ್ತದೆ, ಆಮೇಲೆ ಮೂಲ ಯಾವುದೆಂದು ತಿಳಿಯುವುದಿಲ್ಲ.

ನೋಟ್‌ಪ್ಯಾಡ್‌ನಲ್ಲಿ ನೋಡಬೇಕಾದ ಸಂಗತಿಗಳು ಮೂರು. ದಶಮಾಂಶದ ಜಾಗದಲ್ಲಿ ಏನಿದೆ? ಕಾಲಂಗಳ ನಡುವೆ ಏನಿದೆ: ಕಾಮಾ, ಸೆಮಿಕೋಲನ್, ಟ್ಯಾಬ್? ಸಾವಿರ, ಲಕ್ಷಗಳನ್ನು ಬೇರ್ಪಡಿಸಲು ಏನಾದರೂ ಇದೆಯೇ? ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಹಂತಗಳಲ್ಲಿ ತಂತ್ರಾಂಶ ಕೇಳುವುದು ಇವನ್ನೇ.

ಫ್ರೆಂಚ್ ರೂಢಿಯ ಫೈಲ್‌ಗಳಲ್ಲಿ ಸಾವಿರದ ಜಾಗದಲ್ಲಿ ಕಾಣುವ ಖಾಲಿ ಜಾಗ ನಮ್ಮ ಸ್ಪೇಸ್‌ಬಾರ್ ಒತ್ತಿದಾಗ ಬೀಳುವ ಅಕ್ಷರವೇ ಆಗಿರಬೇಕೆಂದಿಲ್ಲ. ಸಾಲು ಒಡೆಯದ ವಿಶೇಷ ಖಾಲಿ ಅಕ್ಷರ ಆಗಿರಬಹುದು. ಕಣ್ಣಿಗೆ ವ್ಯತ್ಯಾಸ ಗೊತ್ತಾಗದು. ಅನುಮಾನ ಬಂದರೆ ಆ ಖಾಲಿ ಜಾಗವನ್ನೇ ಫೈಲ್‌ನಿಂದ ನಕಲಿಸಿ, ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿ ಹುಡುಕಿ.

2. ಗ್ರಾಫ್‌ನ ಲಕ್ಷಣದಿಂದ ದೋಷದ ಜಾಗ ಗುರುತಿಸಿ

ಮುಕ್ಕಾಲು ಪಾಲು ಪತ್ತೆ ಕೆಲಸ ಇಲ್ಲಿಯೇ ಮುಗಿಯುತ್ತದೆ. ಹಾಗಾಗಿ ಈ ಹಂತವನ್ನು ನಿಧಾನವಾಗಿ ಓದಿ.

ಎಲ್ಲ ಬೆಲೆಗಳೂ ಪೂರ್ಣಾಂಕವಾಗಿದ್ದರೆ, ಗೆರೆ ಮೆಟ್ಟಿಲಾಗಿದ್ದರೆ, ತಂತ್ರಾಂಶ ದಶಮಾಂಶ ಚಿಹ್ನೆ ಸಿಕ್ಕ ಕೂಡಲೇ ಓದುವುದನ್ನು ನಿಲ್ಲಿಸಿದೆ ಎಂದು ಅರ್ಥ. ಸಿ ಭಾಷೆಯಲ್ಲಿ ಪಠ್ಯವನ್ನು ಸಂಖ್ಯೆಯಾಗಿಸುವ ಹಳೆಯ ಫಂಕ್ಷನ್‌ಗಳು ಲೊಕೇಲ್ ಹೇಳಿದ ಚಿಹ್ನೆಯನ್ನಷ್ಟೇ ದಶಮಾಂಶ ಎಂದು ಒಪ್ಪುತ್ತವೆ. ಜರ್ಮನ್ ಲೊಕೇಲ್‌ನಲ್ಲಿ 3.14 ಕೊಟ್ಟರೆ 3 ಓದಿ, ಚುಕ್ಕಿಯ ಬಳಿ ನಿಂತು, 3 ಎಂದು ಉತ್ತರಿಸುತ್ತವೆ. ಅವುಗಳಲ್ಲಿ ಆಟೋಎಫ್ ಎಂಬುದಕ್ಕೆ ದೋಷ ತಿಳಿಸುವ ದಾರಿಯೇ ಇಲ್ಲ.

ಇದು ಎಲ್ಲಕ್ಕಿಂತ ಅಪಾಯಕಾರಿ ಬಗೆ, ಏಕೆಂದರೆ ಫಲಿತಾಂಶ ನಂಬುವಂತಿರುತ್ತದೆ. ಕಬ್ಬಿನ ಹಾಲಿನ ಬ್ರಿಕ್ಸ್, ಅಂದರೆ ಅದರಲ್ಲಿ ಕರಗಿರುವ ಘನಾಂಶದ ಶೇಕಡಾವಾರು ಅಳತೆ, 18.6, 19.2, 19.9 ಎಂದು ಇದ್ದದ್ದು 18, 19, 19 ಆಗುತ್ತದೆ. ಮೂರೂ ಕಬ್ಬಿಗೆ ಒಪ್ಪುವ ಬೆಲೆಗಳೇ. ಮಂಡ್ಯದ ಯಾವ ರೈತರನ್ನು ಕೇಳಿದರೂ ಸರಿಯಾಗಿದೆ ಎಂದಾರು. ಆದರೆ ಎರಡು ತಳಿಗಳ ನಡುವಿನ ವ್ಯತ್ಯಾಸವೇ ಅರ್ಧ ಅಂಶದಷ್ಟಿದ್ದರೆ ನಿಮ್ಮ ಪ್ರಯೋಗ ಅಲ್ಲಿಗೇ ಮುಗಿಯಿತು.

ಬೆಲೆಗಳು ಹತ್ತು, ನೂರು, ಸಾವಿರ ಪಟ್ಟು ಹಿಗ್ಗಿದ್ದರೆ, ದಶಮಾಂಶ ಚಿಹ್ನೆಯನ್ನು ಸಾವಿರದ ಗುರುತು ಎಂದು ತಿಳಿದು ತಂತ್ರಾಂಶ ಅದನ್ನು ಅಳಿಸಿಹಾಕಿದೆ. ಕನ್ನಂಬಾಡಿ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಅದನ್ನು ಯಾರಾದರೂ 124,80 ಎಂದು ಕಳಿಸಿ, ನೀವು ಕಾಮಾವನ್ನು ಸಾವಿರದ ಗುರುತು ಎಂದು ಸೂಚಿಸಿದರೆ ಪೈಥಾನ್‌ನಲ್ಲಿ ಕೋಷ್ಟಕಗಳನ್ನು ಓದುವ ಲೈಬ್ರರಿಯಾದ ಪಾಂಡಾಸ್ ತಕರಾರಿಲ್ಲದೆ 12480 ಎಂದು ಓದುತ್ತದೆ. ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು ಎತ್ತರಕ್ಕೆ ಕಾವೇರಿ ನಿಂತ ಲೆಕ್ಕ. ಇಂತಹ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಮೊದಲಿನದಕ್ಕಿಂತ ವಾಸಿ.

ಕಾಲಂಗಳ ಸಂಖ್ಯೆ ಎರಡರಷ್ಟಾಗಿದ್ದರೆ ಅಥವಾ ಕೆಲವು ಸಾಲುಗಳಲ್ಲಿ ಮಾತ್ರ ಕಾಲಂ ಸರಿದಿದ್ದರೆ, ದಶಮಾಂಶದ ಕಾಮಾವನ್ನೇ ಕಾಲಂ ಬೇರ್ಪಡಿಸುವ ಕಾಮಾ ಎಂದು ಓದಲಾಗಿದೆ. ನಮ್ಮ ಲಕ್ಷದ ಕಾಮಾವೂ ಇದೇ ಅವಾಂತರ ಮಾಡಬಲ್ಲದು: ಉದ್ಧರಣ ಚಿಹ್ನೆಯಿಲ್ಲದ 1,25,000 ಮೂರು ಕಾಲಂಗಳಾಗಿ ಹರಡಿಕೊಳ್ಳುತ್ತದೆ.

ಪೈಥಾನ್‌ನಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಬಳಸುವವರು ಗಮನಿಸಬೇಕಾದ ಲಕ್ಷಣ ಬೇರೆ. ಅದಕ್ಕೆ ಸಂಖ್ಯೆಯ ಬದಲು ಪಠ್ಯ ಸಿಕ್ಕರೆ ಪ್ರತಿ ಪಠ್ಯವನ್ನೂ ಒಂದೊಂದು ವರ್ಗ ಎಂದು ತಿಳಿದು, ಫೈಲ್‌ನಲ್ಲಿ ಬಂದ ಕ್ರಮದಲ್ಲೇ ಅಕ್ಷದ ಮೇಲೆ ಜೋಡಿಸುತ್ತದೆ. ಬೆಲೆಗಳು ಇಳಿಯುತ್ತಿದ್ದರೂ ಅಚ್ಚುಕಟ್ಟಾದ ಏರುಗೆರೆ ಬರುತ್ತದೆ. ಅಕ್ಷದ ಮೇಲೆ ಅಂಕಿಗಳು ಒತ್ತೊತ್ತಾಗಿ ಕಪ್ಪು ಪಟ್ಟಿಯಂತೆ ಕಂಡರೆ, ಅಥವಾ 9,1 ಕೆಳಗೂ 2,4 ಮೇಲೂ ಇದ್ದರೆ ನಿಮಗೆ ಸಿಕ್ಕಿರುವುದು ಸಂಖ್ಯೆಯಲ್ಲ, ಪಠ್ಯ.

ಕೊನೆಯದಾಗಿ, ಪರದೆಯ ಮೇಲೆ ಎಲ್ಲವೂ ಸರಿ, ಉಳಿಸಿದ ಮೇಲೆ ಮಾತ್ರ ಕೆಡುತ್ತದೆ ಎಂದಾದರೆ ದೋಷ ಓದುವುದರಲ್ಲಿಲ್ಲ, ಬರೆಯುವುದರಲ್ಲಿದೆ. ಎಸ್‌ವಿಜಿ ಚಿತ್ರದ ಫೈಲ್‌ನಲ್ಲಿ ಕಾಮಾ ಎಂದರೆ ಎರಡು ನಿರ್ದೇಶಾಂಕಗಳ ನಡುವಿನ ಗುರುತು. ತಂತ್ರಾಂಶ ಲೊಕೇಲ್ ನೋಡಿಕೊಂಡು 10.5 ಅನ್ನು 10,5 ಎಂದು ಬರೆದುಬಿಟ್ಟರೆ ಒಂದು ಸಂಖ್ಯೆ ಎರಡಾಗಿ ಗೆರೆಗಳು ಚೆಲ್ಲಾಪಿಲ್ಲಿಯಾಗುತ್ತವೆ.

3. ಪರೀಕ್ಷಾ ಫೈಲ್ ಮಾಡಿಕೊಳ್ಳಿ

ಸಾವಿರಾರು ಸಾಲುಗಳ ನಿಜವಾದ ದತ್ತಾಂಶದಲ್ಲಿ ದೋಷ ಹುಡುಕಬೇಡಿ. ನೋಟ್‌ಪ್ಯಾಡ್‌ನಲ್ಲಿ ಹೀಗೆ ಬರೆದು ಉಳಿಸಿ:

1;0.5
2;1.25
3;1.234
4;124.80
5;1250.5
6;-0.75

ಏಳನೆಯ ಸಾಲಾಗಿ ಘಾತ ರೂಪದ ಒಂದು ಸಂಖ್ಯೆ ಸೇರಿಸಿ: 1.5, ಅದಕ್ಕೆ ಅಂಟಿದಂತೆ ಇಂಗ್ಲಿಷ್‌ನ ಇ ಅಕ್ಷರ, ನಂತರ -3. ಇದರ ಬೆಲೆ 0.0015. ಇದೇ ಫೈಲ್‌ನ ಇನ್ನೊಂದು ಪ್ರತಿಯಲ್ಲಿ ಎಲ್ಲ ಚುಕ್ಕಿಗಳನ್ನೂ ಕಾಮಾ ಮಾಡಿ. ಈಗ ನಿಮ್ಮ ಬಳಿ ಒಂದು ಚುಕ್ಕಿ ಫೈಲ್, ಒಂದು ಕಾಮಾ ಫೈಲ್ ಇವೆ. ಎರಡನ್ನೂ ತಂತ್ರಾಂಶದಲ್ಲಿ ತೆರೆದು, ಗ್ರಾಫ್ ಅಲ್ಲ, ಅದರ ದತ್ತಾಂಶದ ಕೋಷ್ಟಕವನ್ನು ನೋಡಿ.

ಎರಡನೆಯ ಕಾಲಂ 0, 1, 1, 124, 1250, 0, 1 ಎಂದು ಬಂದರೆ ಓದು ಚಿಹ್ನೆಯ ಬಳಿ ನಿಂತಿದೆ. ಕೊನೆಯದನ್ನು ಗಮನಿಸಿ: ಘಾತವೂ ಕಳೆದುಹೋಗಿ 0.0015 ಇದ್ದದ್ದು 1 ಆಗಿದೆ. 5, 125, 1234, 12480, 12505 ಎಂದು ಬಂದರೆ ಚಿಹ್ನೆಯನ್ನು ಅಳಿಸಲಾಗಿದೆ. ಮೂರನೆಯ ಸಾಲು ಮಾತ್ರ 1234 ಆಗಿ ಉಳಿದವು ಖಾಲಿ ಬಿದ್ದರೆ, ತಂತ್ರಾಂಶ ಸಾವಿರದ ಗುಂಪಿನ ನಿಯಮವನ್ನು ಕಟ್ಟುನಿಟ್ಟಾಗಿ ನೋಡುತ್ತಿದೆ. ಗುರುತಿನ ನಂತರ ಸರಿಯಾಗಿ ಮೂರು ಅಂಕಿ ಇರುವುದನ್ನು ಮಾತ್ರ ಒಪ್ಪಿದೆ. ಉಪಕರಣ ಮೂರು ದಶಮಾಂಶ ಸ್ಥಾನಗಳವರೆಗೆ ಬರೆಯುತ್ತಿದ್ದರೆ ಈ ಬಗೆಯ ದೋಷ ಇಡೀ ಕಾಲಂ ಅನ್ನು ಸದ್ದಿಲ್ಲದೆ ಸಾವಿರ ಪಟ್ಟು ಮಾಡುತ್ತದೆ. 0.482 ಅನ್ನು 482 ಮಾಡುವ ತಂತ್ರಾಂಶಗಳೂ ಇದೇ ಜಾತಿಯವು.

4. ಯಂತ್ರದ ಲೊಕೇಲ್ ಏನಿದೆ ನೋಡಿ, ಬದಲಿಸಬೇಡಿ

ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ರೀಜನ್ ತೆರೆದು ಅಡಿಷನಲ್ ಸೆಟ್ಟಿಂಗ್ಸ್ ಒತ್ತಿ. ಅಲ್ಲಿ ದಶಮಾಂಶ ಚಿಹ್ನೆ, ಗುಂಪಿನ ಚಿಹ್ನೆ, ಪಟ್ಟಿ ಬೇರ್ಪಡಿಸುವ ಚಿಹ್ನೆ ಮೂರೂ ಕಾಣುತ್ತವೆ. ಎಕ್ಸೆಲ್ ಸಿಎಸ್‌ವಿ ಬರೆಯುವಾಗ ಕಾಲಂಗಳ ನಡುವೆ ಹಾಕುವುದು ಈ ಮೂರನೆಯದನ್ನು. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು ಲೊಕೇಲ್ ಎಂದು ಟೈಪ್ ಮಾಡಿದರೆ ಪಟ್ಟಿ ಬರುತ್ತದೆ. ನಮಗೆ ಬೇಕಾದದ್ದು ಎಲ್‌ಸಿ_ನ್ಯೂಮರಿಕ್ ಎಂಬ ಸಾಲು. ಮ್ಯಾಕ್‌ನಲ್ಲಿ ಭಾಷೆ ಮತ್ತು ಪ್ರದೇಶದ ಸೆಟ್ಟಿಂಗ್‌ನಲ್ಲಿ ಸಂಖ್ಯಾ ಸ್ವರೂಪ ಎಂದು ಇರುತ್ತದೆ.

ಒಂದು ಫೈಲ್ ತೆರೆಯಲಿಲ್ಲವೆಂದು ಇಡೀ ಕಂಪ್ಯೂಟರ್‌ನ ರೀಜನ್ ಬದಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಉಪಕರಣಕ್ಕೆ ಜೋಡಿಸಿದ ಕಂಪ್ಯೂಟರ್ ಆಗಿದ್ದರಂತೂ ಕೈ ಹಚ್ಚಲೇಬೇಡಿ. ಅದರ ಹಳೆಯ ವಿಧಾನ ಫೈಲ್‌ಗಳು, ಮಾಪನಾಂಕಗಳು ಕಾಮಾ ಹಾಕಿಯೇ ಉಳಿದಿರಬಹುದು. ಇವತ್ತು ನಿಮ್ಮ ಗ್ರಾಫ್ ಸರಿಯಾಗಿ, ನಾಳೆ ಬೇರೆಯವರ ಅಳತೆ ಕೆಟ್ಟರೆ ಕಾರಣ ಹುಡುಕಲು ವಾರ ಬೇಕು.

ಹಲವರು ಕೇಳುವ ಇನ್ನೊಂದು ಅನುಮಾನ: ಕಂಪ್ಯೂಟರ್ ಭಾಷೆಯನ್ನು ಕನ್ನಡ ಮಾಡಿಕೊಂಡದ್ದರಿಂದ ಹೀಗಾಯಿತೇ? ಇಲ್ಲ. ಕನ್ನಡ ಲೊಕೇಲ್‌ನಲ್ಲಿಯೂ ದಶಮಾಂಶಕ್ಕೆ ಚುಕ್ಕಿಯೇ. ಧೈರ್ಯವಾಗಿ ಕನ್ನಡದಲ್ಲೇ ಇಟ್ಟುಕೊಳ್ಳಿ. ಆದರೆ ದತ್ತಾಂಶವನ್ನೇ ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದ್ದರೆ ಸಂಗತಿ ಬೇರೆ. ಪೈಥಾನ್‌ನ ಫ್ಲೋಟ್ ಫಂಕ್ಷನ್‌ಗೆ ೩.೧೪ ಕೊಟ್ಟರೆ ಅದು 3.14 ಎಂದು ಸರಿಯಾಗಿಯೇ ಓದುತ್ತದೆ; ಸಿ ಭಾಷೆಯ ಫಂಕ್ಷನ್‌ಗಳಿಗೆ ಅದು ಸಂಖ್ಯೆಯೇ ಅಲ್ಲ.

ಸರ್ವರ್ ಬಳಸುವ ಗುಂಪುಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಅದೇ ಯಂತ್ರ, ಅದೇ ಪ್ರೋಗ್ರಾಂ. ಮೈಸೂರಿನಿಂದ ಲಾಗಿನ್ ಆದವರಿಗೆ ಸರಿ, ಮ್ಯೂನಿಕ್‌ನಿಂದ ಲಾಗಿನ್ ಆದವರಿಗೆ ತಪ್ಪು. ಡೆಬಿಯನ್, ಉಬುಂಟುಗಳಲ್ಲಿ ಎಸ್‌ಎಸ್‌ಎಚ್, ಅಂದರೆ ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಸಾಧನ, ಬಳಕೆದಾರರ ಲೊಕೇಲ್ ಸಂಯೋಜನೆಯನ್ನೂ ಜೊತೆಗೆ ಕಳಿಸುತ್ತದೆ, ಆ ಕಡೆಯ ಸರ್ವರ್ ಅದನ್ನು ಸ್ವೀಕರಿಸುತ್ತದೆ. ಸರ್ವರ್‌ನಲ್ಲಿ ಜರ್ಮನ್ ಲೊಕೇಲ್ ಸ್ಥಾಪಿತವಾಗಿದ್ದರೆ ಅವರ ಕಾಮಾ ಅವರೊಂದಿಗೇ ಪ್ರಯಾಣ ಮಾಡಿ ಬಂದಿರುತ್ತದೆ.

5. ಓದುವ ಜಾಗದಲ್ಲೇ ಚಿಹ್ನೆ ತಿಳಿಸಿ

ಸರಿಯಾದ ಮದ್ದು ಇದು. ಮೊದಲ ಹಂತದ ಚೀಟಿ ತೆಗೆದು, ಫೈಲ್ ಓದುವ ಹೊತ್ತಿನಲ್ಲೇ ತಂತ್ರಾಂಶಕ್ಕೆ ಚಿಹ್ನೆಗಳನ್ನು ಹೇಳಿ.

ಪಾಂಡಾಸ್‌ನಲ್ಲಿ ಸಿಎಸ್‌ವಿ ಓದುವ ಆದೇಶಕ್ಕೆ ಸೆಪ್ ಎಂದು ಕಾಲಂ ಚಿಹ್ನೆ, ಡೆಸಿಮಲ್ ಎಂದು ದಶಮಾಂಶ ಚಿಹ್ನೆ, ಥೌಸಂಡ್ಸ್ ಎಂದು ಸಾವಿರದ ಚಿಹ್ನೆ ಕೊಡಬಹುದು. ಜರ್ಮನ್ ಫೈಲ್ ಆದರೆ ಕ್ರಮವಾಗಿ ಸೆಮಿಕೋಲನ್, ಕಾಮಾ, ಚುಕ್ಕಿ. ಸಾವಿರದ ಗುರುತು ಫೈಲ್‌ನಲ್ಲಿ ನಿಜವಾಗಿ ಇದ್ದರೆ ಮಾತ್ರ ಮೂರನೆಯದನ್ನು ಕೊಡಿ. ಸುಮ್ಮನೆ ಇರಲಿ ಎಂದು ಕೊಟ್ಟವರಿಗೇ 12480 ಅಡಿ ನೀರು ಸಿಗುವುದು.

ಆರ್ ಭಾಷೆಯಲ್ಲಿ ಹೆಸರಿನ ಕೊನೆಗೆ 2 ಇರುವ ರೀಡ್.ಸಿಎಸ್‌ವಿ2 ಎಂಬ ಆದೇಶ ಸೆಮಿಕೋಲನ್ ಮತ್ತು ಕಾಮಾ ಇರುವ ಫೈಲ್‌ಗಳಿಗೆಂದೇ ಇದೆ. ಆರ್‌ನೊಳಗೆ ಎಲ್‌ಸಿ_ನ್ಯೂಮರಿಕ್ ಬದಲಿಸಲು ಹೋಗಬೇಡಿ, ವಿಚಿತ್ರವಾಗಿ ವರ್ತಿಸಬಹುದು ಎಂದು ಅದೇ ಎಚ್ಚರಿಸುತ್ತದೆ. ಮ್ಯಾಟ್‌ಲ್ಯಾಬ್‌ನ ರೀಡ್‌ಟೇಬಲ್‌ಗೆ ಡೆಸಿಮಲ್‌ಸೆಪರೇಟರ್ ಎಂಬ ಆಯ್ಕೆ ಇದೆ.

ಆದೇಶ ಬರೆದು ಗ್ರಾಫ್ ಬಿಡಿಸುವ ಗ್ನುಪ್ಲಾಟ್‌ನಲ್ಲಿ ಎಡವುವವರು ಹೆಚ್ಚು. ಸೆಟ್ ಡೆಸಿಮಲ್‌ಸೈನ್ ಎಂದು ಬರೆದು ಉದ್ಧರಣದೊಳಗೆ ಕಾಮಾ ಕೊಟ್ಟರೆ ಅಕ್ಷದ ಅಂಕಿಗಳು ಕಾಮಾದಲ್ಲಿ ಬರುತ್ತವೆ, ಅಷ್ಟೇ. ಫೈಲ್ ಓದುವ ರೀತಿ ಬದಲಾಗುವುದಿಲ್ಲ. ಓದುವುದೂ ಬದಲಾಗಬೇಕಾದರೆ ಸೆಟ್ ಡೆಸಿಮಲ್‌ಸೈನ್ ಲೊಕೇಲ್ ಎಂಬ ರೂಪ ಬಳಸಬೇಕು. ಜೊತೆಗೆ ಸೆಟ್ ಡೇಟಾಫೈಲ್ ಸೆಪರೇಟರ್ ಎಂದು ಕಾಲಂ ಚಿಹ್ನೆಯನ್ನೂ ಹೇಳಿ.

ಒರಿಜಿನ್, ಕ್ಯೂಟಿಐಪ್ಲಾಟ್, ಸೈಡೇವಿಸ್‌ಗಳಂತಹ ಕಿಟಕಿ ತಂತ್ರಾಂಶಗಳಲ್ಲಿ ಆಯ್ಕೆಗಳೊಳಗೆ ಸಂಖ್ಯಾ ಸ್ವರೂಪದ ಪುಟವಿದ್ದು, ಕಂಪ್ಯೂಟರ್‌ನ ಸಂಯೋಜನೆಯನ್ನೇ ಅನುಸರಿಸು ಎಂಬುದನ್ನು ಬಿಟ್ಟು ನಿರ್ದಿಷ್ಟ ರೂಪ ಆರಿಸಬಹುದು. ಲಿಬ್ರೆಆಫೀಸ್ ಕ್ಯಾಲ್ಕ್ ಸಿಎಸ್‌ವಿ ತೆರೆಯುವಾಗಲೇ ಭಾಷೆ ಕೇಳುತ್ತದೆ. ಜನರು ಓದದೆ ಓಕೆ ಒತ್ತುವ ಆ ಪೆಟ್ಟಿಗೆಯಲ್ಲಿ ಜರ್ಮನ್ ಎಂದು ಆರಿಸಿದರೆ ಕಾಮಾ ಫೈಲ್ ಸರಿಯಾಗಿ ಬರುತ್ತದೆ. ಎಕ್ಸೆಲ್‌ನಲ್ಲಿ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆಯುವ ಬದಲು ಪಠ್ಯ ಆಮದು ಮಾಂತ್ರಿಕವನ್ನು ಬಳಸಿ. ಅದರ ಮೂರನೆಯ ಪುಟದ ಅಡ್ವಾನ್ಸ್ಡ್ ಗುಂಡಿಯಲ್ಲಿ ಎರಡೂ ಚಿಹ್ನೆಗಳನ್ನು ಕೊಡಬಹುದು.

ಎಕ್ಸೆಲ್‌ನಿಂದ ಸಿಎಸ್‌ವಿ ಮಾಡಿಕೊಂಡು ಗ್ರಾಫ್ ತಂತ್ರಾಂಶಕ್ಕೆ ಒಯ್ಯುವವರಿಗೆ ಒಂದು ಎಚ್ಚರಿಕೆ. ಎಕ್ಸೆಲ್ ಸಿಎಸ್‌ವಿಯಲ್ಲಿ ಬರೆಯುವುದು ಕೋಶದಲ್ಲಿ ಕಾಣುವ ರೂಪವನ್ನು, ಒಳಗಿರುವ ಬೆಲೆಯನ್ನಲ್ಲ. 18.6437 ಅನ್ನು ಎರಡು ಸ್ಥಾನಕ್ಕೆ ತೋರಿಸುವಂತೆ ಮಾಡಿದ್ದರೆ ಫೈಲ್‌ಗೆ ಹೋಗುವುದು 18.64 ಮಾತ್ರ. ಲಕ್ಷದ ಕಾಮಾ ತೋರಿಸುತ್ತಿದ್ದರೆ ಅದೂ ಹೋಗುತ್ತದೆ. ಉಳಿಸುವ ಮೊದಲು ಆ ಕಾಲಂಗಳನ್ನು ಜನರಲ್ ರೂಪಕ್ಕೆ ತಂದು, ಕಾಲಂ ಸಾಕಷ್ಟು ಅಗಲ ಇದೆಯೇ ನೋಡಿಕೊಳ್ಳಿ.

6. ಫೈಲ್ ಅನ್ನೇ ತಿದ್ದಬೇಕಾದರೆ ಕ್ರಮ ತಪ್ಪಬೇಡಿ

ಚಿಹ್ನೆ ಹೇಳಲು ಅವಕಾಶವೇ ಕೊಡದ ತಂತ್ರಾಂಶಗಳಿವೆ. ಆಗ ಫೈಲ್‌ನ ಒಂದು ಪ್ರತಿಯನ್ನು ತಿದ್ದದೆ ವಿಧಿಯಿಲ್ಲ. ಸಾವಿರದ ಗುರುತೂ ಇರುವ 1.250,5 ಎಂಬ ಜರ್ಮನ್ ಸಂಖ್ಯೆಯಲ್ಲಿ ಮೊದಲು ಚುಕ್ಕಿಗಳನ್ನು ಅಳಿಸಿ, ಆಮೇಲೆ ಕಾಮಾವನ್ನು ಚುಕ್ಕಿ ಮಾಡಿ: 1250.5 ಸಿಗುತ್ತದೆ. ಕ್ರಮ ತಿರುಗಿಸಿದರೆ 12505 ಆಗುತ್ತದೆ, ಮತ್ತೆ ಹಿಂದಕ್ಕೆ ಬರಲಾಗದು.

ಇಡೀ ಫೈಲ್ ಮೇಲೆ ಹುಡುಕಿ ಬದಲಿಸುವ ಆದೇಶ ಓಡಿಸಿದರೆ 12.03.2024 ಎಂಬ ದಿನಾಂಕವೂ 12032024 ಆಗುತ್ತದೆ. ಸಂಖ್ಯೆಯ ಕಾಲಂಗಳನ್ನಷ್ಟೇ ಆರಿಸಿ ಬದಲಿಸಿ. ಕಾಲಂಗಳ ನಡುವೆಯೂ ದಶಮಾಂಶದಲ್ಲಿಯೂ ಕಾಮಾವೇ ಇರುವ ಫೈಲ್ ಸಿಕ್ಕರೆ ತಿದ್ದುವ ಸಾಹಸ ಬಿಟ್ಟು ಉಪಕರಣದಿಂದ ಹೊಸದಾಗಿ ತೆಗೆಯಿರಿ. 1,0,5 ಎಂಬ ಸಾಲು 1 ಮತ್ತು 0,5 ಆಗಿರಬಹುದು, 1,0 ಮತ್ತು 5 ಕೂಡ ಆಗಿರಬಹುದು.

7. ಆ ಒಂದು ತಂತ್ರಾಂಶಕ್ಕೆ ಮಾತ್ರ ಲೊಕೇಲ್ ಬದಲಿಸಿ

ಲಿನಕ್ಸ್‌ನಲ್ಲಿ ಇದು ಸುಲಭ. ಟರ್ಮಿನಲ್‌ನಲ್ಲಿ ಎಲ್‌ಸಿ_ನ್ಯೂಮರಿಕ್=ಸಿ ಎಂದು ಬರೆದು, ಒಂದು ಖಾಲಿ ಜಾಗ ಬಿಟ್ಟು, ಅದೇ ಸಾಲಿನಲ್ಲಿ ತಂತ್ರಾಂಶದ ಹೆಸರು ಬರೆದು ಎಂಟರ್ ಒತ್ತಿ. ಸಿ ಎಂಬುದು ಯಾವ ಪ್ರದೇಶಕ್ಕೂ ಸೇರದ ಮೂಲ ಲೊಕೇಲ್. ಅದರಲ್ಲಿ ದಶಮಾಂಶಕ್ಕೆ ಯಾವಾಗಲೂ ಚುಕ್ಕಿ. ಈ ಬದಲಾವಣೆ ಆ ಒಂದು ಓಟಕ್ಕೆ ಮಾತ್ರ. ತಂತ್ರಾಂಶವನ್ನು ಮೆನುವಿನಿಂದ ತೆರೆದರೆ ಅನ್ವಯವಾಗುವುದಿಲ್ಲ.

ಹಾಗೆ ಮಾಡಿಯೂ ಏನೂ ಬದಲಾಗದಿದ್ದರೆ ಎಲ್‌ಸಿ_ಆಲ್ ಎಂಬುದು ಮೊದಲೇ ಹೊಂದಿಸಿದೆಯೇ ನೋಡಿ. ಅದು ಇದ್ದರೆ ಉಳಿದ ಯಾವುದೂ ನಡೆಯುವುದಿಲ್ಲ; ಅದಿಲ್ಲದಿದ್ದರೆ ಎಲ್‌ಸಿ_ನ್ಯೂಮರಿಕ್, ಅದೂ ಇಲ್ಲದಿದ್ದರೆ ಲ್ಯಾಂಗ್, ಇದು ಕ್ರಮ. ಅಂತರ್ಜಾಲದಲ್ಲಿ ಸಿಗುವ ಅನೇಕ ಸಲಹೆಗಳು ಎಲ್‌ಸಿ_ಆಲ್ ಅನ್ನೇ ಸಿ ಮಾಡಿ ಎನ್ನುತ್ತವೆ. ಕನ್ನಡಿಗರಿಗೆ ಈ ಸಲಹೆ ಒಗ್ಗುವುದಿಲ್ಲ. ಸಂಖ್ಯೆಯ ಜೊತೆ ಅಕ್ಷರಗಳ ಸಂಯೋಜನೆಯೂ ಬದಲಾಗಿ, ಕೆಲವು ತಂತ್ರಾಂಶಗಳಲ್ಲಿ ನಿಮ್ಮ ಕನ್ನಡ ಶೀರ್ಷಿಕೆ, ಅಕ್ಷದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ವಿಂಡೋಸ್‌ನಲ್ಲಿ ಬಹುತೇಕ ತಂತ್ರಾಂಶಗಳು ರೀಜನ್ ಸೆಟ್ಟಿಂಗ್ ನೋಡುವುದರಿಂದ ಈ ಉಪಾಯ ನಡೆಯದು. ಅಲ್ಲಿ ತಂತ್ರಾಂಶದ ಸ್ವಂತ ಆಯ್ಕೆಯೇ ಗತಿ. ಆಯ್ಕೆ ಬದಲಿಸಿದ ಮೇಲೆ ಮುಚ್ಚಿ ಮತ್ತೆ ತೆರೆಯುವುದನ್ನು ಮರೆಯಬೇಡಿ.

8. ಓದಿದ್ದು ಸರಿಯೇ ಎಂದು ಪರೀಕ್ಷಿಸಿ

ಕನಿಷ್ಠ, ಗರಿಷ್ಠ ನೋಡಿದರೆ ಹಿಗ್ಗಿದ ಸಂಖ್ಯೆ ಸಿಕ್ಕಿಬೀಳುತ್ತದೆ: ಕನ್ನಂಬಾಡಿಯ ಕಾಲಂನಲ್ಲಿ 124.80ಕ್ಕಿಂತ ದೊಡ್ಡದು ಇರುವಂತಿಲ್ಲ. ಕತ್ತರಿಸಿದ ಸಂಖ್ಯೆ ಹೀಗೆ ಸಿಗುವುದಿಲ್ಲ, ಬ್ರಿಕ್ಸ್ ಉದಾಹರಣೆಯಲ್ಲಿ ನೋಡಿದೆವಲ್ಲ. ಅದಕ್ಕೆ ಬೇರೆ ಬಲೆ ಬೇಕು. ಕಾಲಂನಲ್ಲಿ ಎಷ್ಟು ಬೆಲೆಗಳಿಗೆ ದಶಮಾಂಶ ಭಾಗ ಇದೆ ಎಂದು ಎಣಿಸಿ. ದಶಮಾಂಶದಲ್ಲಿ ಅಳೆಯುವ ಉಪಕರಣದ ಇಡೀ ಕಾಲಂ ಪೂರ್ಣಾಂಕವಾಗಿದ್ದರೆ ಎಲ್ಲೋ ಕತ್ತರಿ ಬಿದ್ದಿದೆ.

9. ತೋರಿಸುವಾಗ ಕಾಮಾ ಬೇಕಾದರೆ

ಜರ್ಮನ್ ಪತ್ರಿಕೆಯೊಂದು ಅಕ್ಷದ ಮೇಲೆ ಕಾಮಾ ಕೇಳಬಹುದು. ಫೈಲ್ ಮುಟ್ಟಬೇಡಿ. ದತ್ತಾಂಶ ಚುಕ್ಕಿಯಲ್ಲೇ ಇರಲಿ, ತೋರಿಕೆ ಮಾತ್ರ ಬದಲಾಗಲಿ. ಗ್ನುಪ್ಲಾಟ್‌ನಲ್ಲಿ ಮೇಲೆ ಹೇಳಿದ ಡೆಸಿಮಲ್‌ಸೈನ್‌ನ ಮೊದಲ ರೂಪ ಇದಕ್ಕೇ ಇರುವುದು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಆಕ್ಸಿಸ್ ಫಾರ್ಮ್ಯಾಟರ್‌ನ ಯೂಸ್_ಲೊಕೇಲ್ ಎಂಬ ಸಂಯೋಜನೆ ಇದೆ, ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಲೊಕೇಲ್ ಹೊಂದಿಸಿ ಅದನ್ನು ಆನ್ ಮಾಡಿಕೊಳ್ಳಬೇಕು. ಆರ್‌ನಲ್ಲಿ ಔಟ್‌ಡೆಕ್ ಎಂಬ ಆಯ್ಕೆ. ಅಂದಹಾಗೆ, ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷದ ಮೇಲೆ ಬರೆಯುವ ಋಣ ಚಿಹ್ನೆ ಕೀಲಿಮಣೆಯ ಹೈಫನ್ ಅಲ್ಲ, ಬೇರೆಯೇ ಯೂನಿಕೋಡ್ ಅಕ್ಷರ. ಚಿತ್ರದಿಂದ ಅಂಕಿಗಳನ್ನು ನಕಲಿಸಿ ಮತ್ತೊಂದು ಫೈಲ್‌ಗೆ ಅಂಟಿಸುವವರು ಅಲ್ಲಿಯೂ ಎಡವುತ್ತಾರೆ.

10. ಕೋಡ್ ನಿಮ್ಮದೇ ಆಗಿದ್ದರೆ

ಸಿ ಪ್ಲಸ್ ಪ್ಲಸ್‌ನಲ್ಲಿ ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಕ್ಯೂಟಿ ಲೈಬ್ರರಿ ಬಳಸಿ ಸ್ವಂತ ಗ್ರಾಫ್ ತಂತ್ರಾಂಶ ಬರೆಯುವ ವಿದ್ಯಾರ್ಥಿಗಳಿಗೆ ಈ ಮಾತು. ಲಿನಕ್ಸ್‌ನಲ್ಲಿ ಕ್ಯೂಟಿ ಅಪ್ಲಿಕೇಶನ್ ವಸ್ತು ಹುಟ್ಟಿದ ಕೂಡಲೇ ಬಳಕೆದಾರರ ಲೊಕೇಲ್ ಅನ್ನು ಇಡೀ ಪ್ರೋಗ್ರಾಂಗೆ ಹಚ್ಚುತ್ತದೆ. ಅಲ್ಲಿಯವರೆಗೆ ಸರಿಯಾಗಿದ್ದ ಹಳೆಯ ಸಿ ಲೈಬ್ರರಿ ಆ ಕ್ಷಣದಿಂದ ಕಾಮಾ ಕೇಳತೊಡಗುತ್ತದೆ. ಆ ವಸ್ತು ಹುಟ್ಟಿದ ಮರುಸಾಲಿನಲ್ಲೇ ಸೆಟ್‌ಲೊಕೇಲ್ ಕರೆದು ಎಲ್‌ಸಿ_ನ್ಯೂಮರಿಕ್ ಅನ್ನು ಸಿ ಮಾಡಿ ಎಂದು ಕ್ಯೂಟಿಯ ಕೈಪಿಡಿಯೇ ಹೇಳುತ್ತದೆ. ಪೈಥಾನ್‌ನಿಂದ ಕ್ಯೂಟಿ ಬಳಸುವಾಗಲೂ ಇದು ಅನ್ವಯ: ಪೈಥಾನ್‌ನ ಸ್ವಂತ ಫ್ಲೋಟ್ ಲೊಕೇಲ್ ನೋಡುವುದಿಲ್ಲ, ಆದರೆ ನೀವು ಕರೆಯುವ ಸಿ ಲೈಬ್ರರಿ ನೋಡುತ್ತದೆ.

ಫೈಲ್ ಓದುವುದಕ್ಕೆ ಆಟೋಎಫ್ ಬೇಡ. ಸಿ ಪ್ಲಸ್ ಪ್ಲಸ್ 17ರಲ್ಲಿ ಬಂದ ಫ್ರಮ್_ಚಾರ್ಸ್ ಲೊಕೇಲ್ ಕಡೆ ತಿರುಗಿಯೂ ನೋಡುವುದಿಲ್ಲ, ಎಲ್ಲಿಯವರೆಗೆ ಓದಿದೆ ಎಂದೂ ತಿಳಿಸುತ್ತದೆ. ಸಂಖ್ಯೆಯ ನಂತರ ಏನಾದರೂ ಅಕ್ಷರ ಉಳಿದಿದ್ದರೆ ಸುಮ್ಮನೆ ಮುಂದೆ ಹೋಗದೆ ಸಾಲಿನ ಸಂಖ್ಯೆ ಸಮೇತ ದೋಷ ತೋರಿಸಿ. ಫೈಲ್ ಓದುವ ಮೊದಲು ಲೊಕೇಲ್ ಬದಲಿಸಿ ಆಮೇಲೆ ಹಿಂದಕ್ಕೆ ಹಾಕುವ ಚಾತುರ್ಯವನ್ನೂ ಬಿಡಿ; ಸೆಟ್‌ಲೊಕೇಲ್ ಇಡೀ ಪ್ರೋಗ್ರಾಂಗೆ ಒಂದೇ, ಪ್ರೋಗ್ರಾಂನೊಳಗೆ ಜೊತೆಜೊತೆಗೇ ಓಡುವ ಇನ್ನೊಂದು ಎಳೆ (ಥ್ರೆಡ್) ಅದೇ ಹೊತ್ತಿಗೆ ಓದುತ್ತಿದ್ದರೆ ಅದರ ಸಂಖ್ಯೆಗಳು ಕೆಡುತ್ತವೆ.

11. ದೋಷ ತಂತ್ರಾಂಶದ್ದೇ ಎಂದು ಖಚಿತವಾದರೆ ವರದಿ ಮಾಡಿ

ಮೂರನೆಯ ಹಂತದ ಎರಡು ಫೈಲ್‌ಗಳು, ಯಂತ್ರದ ಲೊಕೇಲ್ ಪಟ್ಟಿ, ತಂತ್ರಾಂಶದ ಆವೃತ್ತಿ, ಬರಬೇಕಾದ ಬೆಲೆ ಮತ್ತು ಬಂದ ಬೆಲೆ, ಇಷ್ಟನ್ನು ಕಳಿಸಿ. ಗ್ರಾಫ್‌ನ ಚಿತ್ರ ಮಾತ್ರ ಕಳಿಸಿದರೆ ಪ್ರಯೋಜನವಿಲ್ಲ. ವರದಿ ಕಳಿಸುವ ಮುನ್ನ ನಿಮ್ಮಲ್ಲೇ ಜರ್ಮನ್ ಲೊಕೇಲ್ ಹಾಕಿ ದೋಷವನ್ನು ಮತ್ತೆ ಬರಿಸಿ ನೋಡಿದರೆ ಒಳ್ಳೆಯದು. ಆದರೆ ಮೊದಲು ಲೊಕೇಲ್ -ಎ ಎಂದು ಟೈಪ್ ಮಾಡಿ ಆ ಲೊಕೇಲ್ ಸ್ಥಾಪಿತವಾಗಿದೆಯೇ ನೋಡಿ. ಇಲ್ಲದ ಲೊಕೇಲ್ ಕೇಳಿದರೆ ಬಹುತೇಕ ತಂತ್ರಾಂಶಗಳು ಸದ್ದಿಲ್ಲದೆ ಸಿ ಲೊಕೇಲ್‌ನಲ್ಲೇ ಉಳಿಯುತ್ತವೆ, ದೋಷ ಮಾಯವಾದಂತೆ ಕಾಣುತ್ತದೆ. ತಂತ್ರಾಂಶ ಬರೆದವರು ನಮ್ಮಲ್ಲಿ ಈ ದೋಷ ಬರುತ್ತಿಲ್ಲ ಎಂದು ಉತ್ತರಿಸಿದರೆ, ಅವರ ಯಂತ್ರದಲ್ಲೂ ಅದೇ ಆದೇಶ ಓಡಿಸಿ ನೋಡುವಂತೆ ಕೇಳಿ.